ಬಾಣಂತನದ ಖರ್ಚು ಯಾರ ಲೆಕ್ಕಕ್ಕೆ?

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ಕನ್ನಡ ನಾಡಿನ ಬಹಳಷ್ಟು ಮನೆಗಳಲ್ಲಿ ಇಂದಿಗೂ ನಡೆದುಕೊಂಡು ಬಂದಿರುವ ಪದ್ಧತಿ. ಸೀಮಂತ ಮುಗಿಸಿ ಮಗಳನ್ನು ಕರೆತಂದರೆ, ಮೂರು ತಿಂಗಳೋ ಐದು ತಿಂಗಳೋ ಕಳೆದು ತೊಟ್ಟಿಲ ಸಮೇತ ಕಳಿಸಿಕೊಡುವವರೆಗೆ ಎಲ್ಲವೂ ತವರಿನ ಹೊಣೆ. ತುಪ್ಪ, ಬೆಳ್ಳುಳ್ಳಿ, ಕೊಬ್ಬರಿ ಬೆಲ್ಲದ ಅಂಟಿನುಂಡೆ, ಮೈಗೆ ಹಚ್ಚುವ ಎಣ್ಣೆ, ಹಂಡೆ ಕಾಯಿಸುವ ಸೌದೆ, ಎರೆಯಲು ಬರುವ ಅಜ್ಜಿಗೆ ಕೊಡುವ ಸೀರೆ. ‘ಬಾಣಂತನ ಮಾಡುವುದು’ ಎಂಬ ಮಾತಿನೊಳಗೇ ಒಂದು ಲೆಕ್ಕದ ಪುಸ್ತಕ ಅಡಗಿದೆ. ಆ ಪುಸ್ತಕದ ಖರ್ಚಿನ ಪುಟವೆಲ್ಲ ಹೆಣ್ಣು ಹೆತ್ತವರದು.

ಆ ಪುಸ್ತಕದಲ್ಲಿ ಒಂದು ಬಾಬತ್ತು ಮಾತ್ರ ಇರಲಿಲ್ಲ: ಅಷ್ಟೂ ತಿಂಗಳಲ್ಲಿ ಬಾಣಂತಿ ಕಳೆದುಕೊಂಡ ದುಡಿಮೆ. ಹೊಲದಲ್ಲಿ, ಹಟ್ಟಿಯಲ್ಲಿ ಆಕೆ ಎಷ್ಟು ದುಡಿದರೂ ಅದಕ್ಕೆ ಬೆಲೆ ಕಟ್ಟಿದವರಿರಲಿಲ್ಲ. ಹಾಗಾಗಿ ನಷ್ಟವೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೆಣ್ಣುಮಕ್ಕಳು ಗಿರಣಿಗೆ, ಶಾಲೆಗೆ, ಬ್ಯಾಂಕಿಗೆ, ಗಾರ್ಮೆಂಟ್ಸಿಗೆ, ಸಾಫ್ಟ್‌ವೇರ್ ಕಂಪನಿಗೆ ಹೋಗತೊಡಗಿದ ಮೇಲೆ ಪ್ರಶ್ನೆ ಎದ್ದಿತು. ಕೂಸಿಗಾಗಿ ತಾಯಿ ಮನೆಯಲ್ಲಿ ಉಳಿದ ದಿನಗಳ ಸಂಬಳವನ್ನು ಯಾರು ಕೊಡಬೇಕು? ತವರೇ, ಮಾಲೀಕನೇ, ಸರ್ಕಾರವೇ? ಇಂದು ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಹುಡುಗಿಯರಿಗೂ ಅವರನ್ನು ಓದಿಸಿದ ತಂದೆ ತಾಯಿಯರಿಗೂ ಇದು ದೂರದ ವಿಷಯವೇನಲ್ಲ.

ಎಂಟಾಣೆಯ ಕಾಲ

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಹೆರಿಗೆಗೆ ಮುಂಚೆ ಆರು ವಾರ, ನಂತರ ಆರು ವಾರ ಕಾರ್ಮಿಕ ಮಹಿಳೆಗೆ ಬಿಡುವು ಇರಬೇಕು, ಆ ದಿನಗಳ ಭತ್ಯವನ್ನು ಸರ್ಕಾರದ ಬೊಕ್ಕಸದಿಂದಲೋ ವಿಮೆಯಿಂದಲೋ ಕೊಡಬೇಕು ಎಂದು ಅಲ್ಲಿ ಒಪ್ಪಂದವಾಯಿತು. ಮಾಲೀಕನ ಜೇಬಿನಿಂದ ಎಂದು ಅದರಲ್ಲಿ ಬರೆದಿರಲಿಲ್ಲ ಎಂಬುದನ್ನು ಗಮನಿಸಬೇಕು. ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಆ ಸಮ್ಮೇಳನಕ್ಕೆ ಹೋಗಿದ್ದವರು ಎನ್.ಎಂ. ಜೋಶಿ. ಊರಿಗೆ ಮರಳಿದ ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಭತ್ಯದ ಮಸೂದೆಯೊಂದನ್ನು ಮಂಡಿಸಿದರು. ಅದು ಬಿದ್ದುಹೋಯಿತು.

ನಾಲ್ಕು ವರ್ಷಗಳ ನಂತರ ಅದೇ ವಿಷಯ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಬಂದಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೆಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. 1928ರ ಜುಲೈ 28ರಂದು ಮಸೂದೆಯ ಪರವಾಗಿ ಎದ್ದು ಮಾತನಾಡಿದವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ತಾಯಿಗೆ ಹೆರಿಗೆಗೆ ಮುಂಚೆಯೂ ನಂತರವೂ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತಕ್ಕೇ ಬೇಕಾದದ್ದು ಎಂಬುದು ಅವರ ವಾದ. ಹಾಗಾದ ಮೇಲೆ ಈ ಖರ್ಚಿನ ಬಹುಭಾಗವನ್ನು ಸರ್ಕಾರವೇ ಹೊರಬೇಕು ಎಂದು ಅವರು ಒಪ್ಪಿಕೊಂಡರು. ಆದರೆ ಸರ್ಕಾರ ಕೊಡದಿದ್ದರೆ ಮಸೂದೆಯೇ ಬೇಡ ಎನ್ನಲಿಲ್ಲ. ಹೆಣ್ಣಾಳುಗಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಒಂದಷ್ಟು ಹೊರಲಿ ಎಂದರು.

1929ರಲ್ಲಿ ಕಾಯ್ದೆ ಬಂತು. ದಿನಕ್ಕೆ ಎಂಟಾಣೆ, ಕೊಡುವವನು ಮಾಲೀಕ. ಅಂಬೇಡ್ಕರರ ಮಾತಿನ ಎರಡನೆಯ ಅರ್ಧ ಕಾಯ್ದೆಗೆ ಸೇರಿತು, ಮೊದಲನೆಯ ಅರ್ಧ ಹೊರಗೇ ಉಳಿಯಿತು. ಮುಂದಿನ ತೊಂದರೆಗಳೆಲ್ಲ ಹುಟ್ಟಿಕೊಂಡದ್ದು ಅಲ್ಲಿಂದ ಎಂದರೆ ತಪ್ಪಾಗಲಾರದು.

ಸ್ವತಂತ್ರ ಭಾರತದ ಸಂವಿಧಾನ ತನ್ನ 42ನೆಯ ವಿಧಿಯಲ್ಲಿ ಹೆರಿಗೆ ನೆರವನ್ನು ಸರ್ಕಾರದ ಕರ್ತವ್ಯಗಳ ಸಾಲಿಗೆ ಸೇರಿಸಿತು. ಆದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಮುಂಬಯಿಯ ಹಳೆಯ ದಾರಿಯನ್ನೇ ಹಿಡಿಯಿತು. ಹನ್ನೆರಡು ವಾರಗಳ ರಜೆ, ಅಷ್ಟೂ ದಿನದ ಸಂಬಳ ಮಾಲೀಕನ ಕೈಯಿಂದ. 2017ರ ಏಪ್ರಿಲ್ 1ರಿಂದ ಹನ್ನೆರಡು ವಾರ ಇಪ್ಪತ್ತಾರಾಯಿತು (ಎರಡು ಮಕ್ಕಳಿರುವ ತಾಯಿಗೆ ಮುಂದಿನ ಹೆರಿಗೆಗೆ ಹಳೆಯ ಹನ್ನೆರಡೇ). ಕೂಸಿಗೆ ಆರು ತಿಂಗಳು ಎದೆಹಾಲೊಂದೇ ಸಾಕು, ಬೇರೇನೂ ಬೇಡ ಎನ್ನುವ ವೈದ್ಯರ ಮಾತಿಗೆ ಕಾನೂನು ಕೊನೆಗೂ ಕಿವಿಗೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಈ ಇಪ್ಪತ್ತಾರು ವಾರಗಳು ಹಾಗೆಯೇ ಸೇರಿವೆ. ಸಂಬಳ ಕೊಡುವ ಕೈಯೂ ಬದಲಾಗಲಿಲ್ಲ.

ಸಂದರ್ಶನದಲ್ಲಿ ಕೇಳುವ ಪ್ರಶ್ನೆ

‘ಮದುವೆ ಯಾವಾಗ?’ ಎಂದು ನೆಂಟರು ಕೇಳುವುದು ಇದ್ದದ್ದೇ. ಕೆಲಸದ ಸಂದರ್ಶನದಲ್ಲಿ ಕುಳಿತವರೂ ಅದನ್ನೇ ಕೇಳಿದರೆ ಅದರ ಅರ್ಥ ಬೇರೆ. ಹತ್ತು ಹನ್ನೆರಡು ಮಂದಿಯ ಸಣ್ಣ ಕಚೇರಿ ನಡೆಸುವವನ ಕಣ್ಣಿನಲ್ಲಿ ಒಮ್ಮೆ ನೋಡಿ. ತಿಂಗಳಿಗೆ 30,000 ರೂಪಾಯಿ ಸಂಬಳದ ಉದ್ಯೋಗಿ ಬಾಣಂತನಕ್ಕೆ ಹೋದರೆ ಆರು ತಿಂಗಳಿಗೆ 1,80,000 ರೂಪಾಯಿ ಕೊಡಬೇಕು. ಆಕೆಯ ಜಾಗಕ್ಕೆ ಬಂದವರಿಗೂ ಸಂಬಳ ಕೊಡಬೇಕು. ಅದೇ ಮೇಜಿನ ಮುಂದೆ ಅಷ್ಟೇ ಅಂಕ ಪಡೆದ ಹುಡುಗನೊಬ್ಬ ಕುಳಿತಿದ್ದರೆ ಅವನ ಮೇಲೆ ಈ ಖರ್ಚು ಬರುವುದೇ ಇಲ್ಲ. ಕಾನೂನು ಹೆಣ್ಣಿಗೆ ಕೊಟ್ಟ ಸೌಲಭ್ಯವೇ ಅವಳ ಬೆಲೆಪಟ್ಟಿಗೆ ಅಂಟಿಕೊಳ್ಳುತ್ತದೆ. ಇದರಲ್ಲಿ ಮಾಲೀಕನ ಕೆಟ್ಟತನವನ್ನಷ್ಟೇ ಹುಡುಕಿದರೆ ಸಾಲದು. ಖರ್ಚನ್ನು ಹಂಚಿದ ರೀತಿಯಲ್ಲೇ ಕೆಡುಕಿದೆ.

2018ರಲ್ಲಿ ಟೀಮ್‌ಲೀಸ್ ಎಂಬ ನೇಮಕಾತಿ ಸಂಸ್ಥೆ ಹತ್ತು ಉದ್ಯಮಗಳ ಸಮೀಕ್ಷೆ ನಡೆಸಿ, ಈ ತಿದ್ದುಪಡಿಯಿಂದ ಒಂದೇ ವರ್ಷದಲ್ಲಿ 11ರಿಂದ 18 ಲಕ್ಷ ಮಹಿಳೆಯರ ಕೆಲಸಕ್ಕೆ ಕುತ್ತು ಬರಬಹುದೆಂದು ಅಂದಾಜು ಮಾಡಿತು. ಅಂದಾಜನ್ನು ಎಣಿಕೆ ಎಂದು ತಿಳಿಯಬಾರದು, ನಿಜ. ಆದರೆ ಸರ್ಕಾರಕ್ಕೂ ಅಳುಕು ಮೂಡಿದ್ದಂತೂ ಹೌದು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಯೋಚನೆಯನ್ನು ಪ್ರಕಟಿಸಿತು: ತಿಂಗಳಿಗೆ 15,000 ರೂಪಾಯಿವರೆಗಿನ ಸಂಬಳದ ಮಹಿಳೆಯರಿಗೆ ಇಪ್ಪತ್ತಾರು ವಾರ ರಜೆ ಕೊಟ್ಟ ಮಾಲೀಕರಿಗೆ ಏಳು ವಾರಗಳ ಸಂಬಳವನ್ನು ಸರ್ಕಾರ ತುಂಬಿಕೊಡುವುದು. ಪ್ರಸ್ತಾಪ ಪ್ರಸ್ತಾಪವಾಗಿಯೇ ಉಳಿಯಿತು.

ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಇದೆ. ಅದೂ ಈ ದೇಶದಲ್ಲೇ, ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ದಿನವೂ ನಡೆಯುತ್ತಿದೆ.

ಸಂಬಳ ಚೀಟಿಯ ಒಂದು ಸಾಲು

ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳ ಸಂಬಳ ಚೀಟಿಯಲ್ಲಿ ಇಎಸ್‌ಐ ಎಂಬ ಕಡಿತವಿರುತ್ತದೆ. ನೌಕರರ ರಾಜ್ಯ ವಿಮೆ ಎಂದು ಅದರ ಪೂರ್ತಿ ಹೆಸರು. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಮೇಲೆ ಕಟ್ಟಿದ, 1948ರ ಕಾಯ್ದೆಯ ವ್ಯವಸ್ಥೆ ಅದು. ವೈಸರಾಯ್ ಮಂಡಲಿಯಲ್ಲಿ ಆಗ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದವರು ಅದೇ ಅಂಬೇಡ್ಕರ್ ಎಂಬುದು ಇಲ್ಲಿ ನೆನಪಿಡತಕ್ಕದ್ದು. 2019ರ ಜುಲೈಯಿಂದ ಸಂಬಳದ ಶೇ 0.75ರಷ್ಟನ್ನು ಕಾರ್ಮಿಕರೂ ಶೇ 3.25ರಷ್ಟನ್ನು ಮಾಲೀಕರೂ ಈ ನಿಧಿಗೆ ಕಟ್ಟುತ್ತಾರೆ. ಗಂಡಾಳಾಗಲಿ ಹೆಣ್ಣಾಳಾಗಲಿ, ಮದುವೆಯಾಗಿರಲಿ ಇಲ್ಲದಿರಲಿ, ಕಟ್ಟುವ ದರ ಒಂದೇ. ಯಾರಿಗೆ ಹೆರಿಗೆಯಾದರೂ ಇಪ್ಪತ್ತಾರು ವಾರಗಳ ಪೂರ್ತಿ ಕೂಲಿಯನ್ನು ಇಎಸ್‌ಐ ನಿಗಮ ಕೊಡುತ್ತದೆ; ಕಾರ್ಖಾನೆ ಅದಕ್ಕಾಗಿ ಬೇರೆ ಗಂಟು ಬಿಚ್ಚಬೇಕಾಗಿಲ್ಲ.

ಈ ಸರಳ ಏರ್ಪಾಡಿನ ಗುಣ ಏನೆಂದರೆ, ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಂಡವನಿಗೆ ದಂಡವಿಲ್ಲ, ತೆಗೆದುಕೊಳ್ಳದವನಿಗೆ ಉಳಿತಾಯವಿಲ್ಲ. ಹಿಂದಿನ ಒಂದು ವರ್ಷದ ಎರಡು ವಂತಿಗೆ ಅವಧಿಗಳಲ್ಲಿ ಎಪ್ಪತ್ತು ದಿನಗಳ ವಂತಿಗೆ ಬಿದ್ದಿದ್ದರೆ ಸಾಕು, ತಾಯಿ ಅರ್ಹಳು. ತೊಡಕು ಇರುವುದು ಮೇಲಿನ ಗೆರೆಯಲ್ಲಿ. 2017ರ ಜನವರಿಯಲ್ಲಿ ನಿಗದಿಯಾದಂತೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಈ ವಿಮೆ. ಅದಕ್ಕಿಂತ ನೂರು ರೂಪಾಯಿ ಹೆಚ್ಚು ಪಡೆದು ಹೊರಗುಳಿದವಳ ಬಾಣಂತನ ಮತ್ತೆ ಮಾಲೀಕನ ಲೆಕ್ಕಕ್ಕೆ.

ಸ್ವೀಡನ್ ದೇಶ 1974ರಲ್ಲಿ ಇದೇ ತತ್ವವನ್ನು ಎಲ್ಲರಿಗೂ ಹರಡಿತು. ಅಲ್ಲಿ ಮಗುವಿಗಾಗಿ ಪಡೆಯುವ ರಜೆಯ ಭತ್ಯ ಬರುವುದು ಸರ್ಕಾರದ ವಿಮಾ ಸಂಸ್ಥೆಯಿಂದ. ಅದನ್ನು ಅಪ್ಪನೂ ಪಡೆಯಬಹುದೆಂದು ಕಾನೂನು ಮಾಡಿದ ಮೊದಲ ದೇಶ ಅದು. ಈಗ ಒಂದು ಮಗುವಿಗೆ 480 ದಿನಗಳು; ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, ಅವನು ಬಿಟ್ಟರೆ ಅಮ್ಮನಿಗೆ ಸಿಗುವುದಿಲ್ಲ. ಭಾರತದಲ್ಲಿ ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದಾಗ ಹದಿನೈದು ದಿನಗಳ ರಜೆಯಿದೆ. ಖಾಸಗಿ ನೌಕರಿಯ ಅಪ್ಪನಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಸಂದರ್ಶನದ ಆ ಪ್ರಶ್ನೆಯನ್ನು ಹುಡುಗರಿಗೆ ಯಾರೂ ಏಕೆ ಕೇಳುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ದಿನಕ್ಕೆ ಇಪ್ಪತ್ತೇಳು ರೂಪಾಯಿ

ಇಷ್ಟೂ ಸಂಬಳ ಚೀಟಿ ಇರುವವರ ಮಾತಾಯಿತು. ಕೂಲಿಗೆ ಹೋಗುವವಳು, ಮನೆಗೆಲಸದವಳು, ಹೂವು ಮಾರುವವಳು, ಗಾರೆ ಕೆಲಸದ ಹೆಣ್ಣಾಳು ಇವರಿಗೆ ಮಾಲೀಕನೆಂದು ಬೊಟ್ಟುಮಾಡಲು ಒಬ್ಬನೂ ಇರುವುದಿಲ್ಲ, ಇದ್ದರೂ ವಾರಕ್ಕೊಬ್ಬ. ದೇಶದ ದುಡಿಯುವ ತಾಯಂದಿರಲ್ಲಿ ಬಹುಪಾಲು ಇವರೇ. ಇವರ ವಿಷಯದಲ್ಲಾದರೂ ಸರ್ಕಾರ ತಾನೇ ಮುಂದೆ ಬರಬೇಕಾಯಿತು.

2013ರ ಆಹಾರ ಭದ್ರತಾ ಕಾಯ್ದೆ ಪ್ರತಿಯೊಬ್ಬ ಬಸುರಿ, ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವು ಎಂದು ಬರೆಯಿತು. ಸರ್ಕಾರಿ ನೌಕರರು ಮತ್ತು ಬೇರೆ ಕಾನೂನಿನಲ್ಲಿ ಭತ್ಯ ಪಡೆಯುವವರು ಮಾತ್ರ ಇದಕ್ಕೆ ಹೊರಗು. 2017ರಲ್ಲಿ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಾಗಿ ಅದು ಕೈಗೆ ಬಂದಾಗ 5,000 ರೂಪಾಯಿಯಾಗಿತ್ತು, ಅದೂ ಮೊದಲನೆಯ ಮಗುವಿಗೆ ಮಾತ್ರ. ‘ಪ್ರತಿಯೊಬ್ಬ’ ಎಂಬ ಪದಕ್ಕೆ ದಾರಿಯಲ್ಲೇನಾಯಿತು ಎಂದು ಕೇಳಿದವರಿದ್ದಾರೆ. ಅದೇ ವರ್ಷ ಡಿಸೆಂಬರಿನಲ್ಲಿ ಜ್ಯಾಂ ಡ್ರೆಜ್ ಸೇರಿದಂತೆ 60 ಮಂದಿ ಅರ್ಥಶಾಸ್ತ್ರಜ್ಞರು ಹಣಕಾಸು ಸಚಿವರಿಗೆ ಪತ್ರ ಬರೆದು, ಕಾಯ್ದೆ ಹೇಳಿದಷ್ಟನ್ನಾದರೂ ಕೊಡಿ ಎಂದರು. 2022ರಲ್ಲಿ ಯೋಜನೆ ಪರಿಷ್ಕರಣೆಯಾಗಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ಎಂಬುದು ಸೇರಿತು. ಎರಡನೆಯದೂ ಗಂಡಾದರೆ ಬಾಣಂತಿಗೆ ವಿಶ್ರಾಂತಿ ಬೇಡವೇ ಎಂಬುದು ಬೇರೆ ಮಾತು!

ಇಪ್ಪತ್ತಾರು ವಾರಗಳೆಂದರೆ 182 ದಿನಗಳು. 5,000 ರೂಪಾಯಿಯನ್ನು ಅಷ್ಟು ದಿನಕ್ಕೆ ಹಂಚಿದರೆ ದಿನಕ್ಕೆ 27 ರೂಪಾಯಿ ಮತ್ತು ಚಿಲ್ಲರೆ. ಇಷ್ಟಕ್ಕೆ ಕೂಲಿ ಬಿಟ್ಟು ಆರು ತಿಂಗಳು ಮನೆಯಲ್ಲಿ ಕುಳಿತುಕೊಳ್ಳುವ ಧೈರ್ಯ ಯಾರಿಗೂ ಬಾರದು. ನೆರೆಯ ತಮಿಳುನಾಡು ಕೇಂದ್ರಕ್ಕಾಗಿ ಕಾಯಲಿಲ್ಲ. 1987ರಲ್ಲೇ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆಯಲ್ಲಿ ಬಡ ತಾಯಂದಿರಿಗೆ 300 ರೂಪಾಯಿ ಕೊಡಲು ಆರಂಭಿಸಿ, 2006ರಲ್ಲಿ ಅದನ್ನು 6,000ಕ್ಕೆ, 2011ರಲ್ಲಿ 12,000ಕ್ಕೆ, ನಂತರ ಪೌಷ್ಟಿಕ ಆಹಾರದ ಪೆಟ್ಟಿಗೆಯೂ ಸೇರಿದಂತೆ 18,000ಕ್ಕೆ ಏರಿಸಿತು. ಕರ್ನಾಟಕ ಹಿಡಿದದ್ದು ಊಟದ ದಾರಿ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ. ಊಟ ಒಳ್ಳೆಯದೇ. ಆದರೆ ಹಸಿ ಬಾಣಂತಿ ಹೊಸಿಲು ದಾಟದ ಮನೆಗಳಲ್ಲಿ, ಒಂದು ಮನೆಗೂ ಇನ್ನೊಂದಕ್ಕೂ ಗುಡ್ಡ ಅಡ್ಡವಿರುವ ಮಲೆನಾಡಿನಲ್ಲಿ, ಅನ್ನಕ್ಕಾಗಿ ಅವಳೇ ನಡೆದು ಬರಬೇಕೆನ್ನುವ ಏರ್ಪಾಡು ಬಾಣಂತನ ಬಲ್ಲವರು ಬರೆದದ್ದರಂತೆ ಕಾಣುವುದಿಲ್ಲ.

ಮಾತೃ ವಂದನಾ ಹಣಕ್ಕೆ ಅರ್ಜಿ ತುಂಬಿಸಿಕೊಳ್ಳುವವರು ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆ. ತಾಯಿ ಕಾರ್ಡು, ಆಧಾರ್, ಆಧಾರಿಗೆ ಜೋಡಿಸಿದ ತಾಯಿಯದೇ ಬ್ಯಾಂಕ್ ಖಾತೆ ಬೇಕು. ಗರ್ಭ ನೋಂದಾಯಿಸಿ ಒಂದು ತಪಾಸಣೆಯಾದ ಮೇಲೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ನೋಂದಣಿ ಗಂಡನ ಊರಿನಲ್ಲಿ, ಹೆರಿಗೆ ತವರಿನಲ್ಲಿ ಆಗುವ ಪದ್ಧತಿಯಿರುವುದರಿಂದ ತಾಯಿ ಕಾರ್ಡನ್ನು ಸೀಮಂತದ ಸೀರೆಯ ಜೊತೆಗೇ ಕಟ್ಟಿಕೊಳ್ಳುವುದು ಕ್ಷೇಮ.

ಆರು ತಿಂಗಳಿಂದ ಮೂರು ವರ್ಷ

ರಜೆ ಸಿಕ್ಕಿತು, ಸಂಬಳವೂ ಸಿಕ್ಕಿತು ಎನ್ನೋಣ. ಇಪ್ಪತ್ತೇಳನೆಯ ವಾರದ ಸೋಮವಾರ ಬೆಳಿಗ್ಗೆ ಕೂಸನ್ನು ಯಾರ ಮಡಿಲಿಗೆ ಹಾಕುವುದು?

ಅಂಗನವಾಡಿ ಇದೆಯಲ್ಲ ಎನ್ನಬಹುದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಈ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ಟಿ. ನರಸೀಪುರ ಅವುಗಳಲ್ಲೊಂದಾಗಿತ್ತು. ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಪುಷ್ಟಿ ಆಹಾರ, ತೂಕ, ಲಸಿಕೆ. ಹೀಗೆ ಆರು ತಿಂಗಳಿಂದ ಮೂರು ವರ್ಷದವರೆಗಿನ ಎರಡೂವರೆ ವರ್ಷ, ಮಗು ತೆವಳಿ, ಎದ್ದು, ಬಿದ್ದು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಕಾಲ, ಯಾವ ಇಲಾಖೆಯ ಲೆಕ್ಕದಲ್ಲೂ ಸರಿಯಾಗಿ ಕೂರುವುದಿಲ್ಲ. ಹೆಣ್ಣುಮಕ್ಕಳು ಕೆಲಸ ಬಿಡುವುದು ಹೆಚ್ಚಾಗಿ ಇಲ್ಲೇ. ಊರಿನಿಂದ ಅಜ್ಜಿ ಬಂದರೆ ಕೆಲಸ ಉಳಿಯಿತು; ಅಜ್ಜಿಗೆ ಮಂಡಿನೋವು ಬಂದರೆ ಹೋಯಿತು. ದೊಡ್ಡ ಮಗಳಿದ್ದರೆ ಅವಳ ಶಾಲೆ ಹೋಯಿತು.

ಕಾನೂನಿಗೆ ಇದು ತಿಳಿಯದ್ದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಶಿಶುಪಾಲನಾ ಕೋಣೆಯ ಮಾತಿತ್ತು. 1976ರ ತಿದ್ದುಪಡಿಯ ನಂತರ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗೆ ಅದು ಕಡ್ಡಾಯ. 1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನುಮನೆಗಳಿಗೂ ಇದನ್ನು ಅನ್ವಯಿಸಿತು. ಎಣಿಸುತ್ತಿದ್ದದ್ದು ಹೆಣ್ಣುಗಳನ್ನು ಮಾತ್ರ. ಮಗು ಇರುವುದು ಹೆಂಗಸಿಗೆ, ಗಂಡಸಿಗೆ ಮಗುವಿಲ್ಲ ಎಂದಂತಾಯಿತು. 2017ರ ತಿದ್ದುಪಡಿ ಈ ಎಣಿಕೆಯನ್ನು ಬದಲಿಸಿ, ಗಂಡು ಹೆಣ್ಣು ಎನ್ನದೆ ಐವತ್ತು ನೌಕರರಿರುವ ಸಂಸ್ಥೆಗೆಲ್ಲ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂದಿತು. ಆ ತಿದ್ದುಪಡಿಯಲ್ಲಿ ಇಪ್ಪತ್ತಾರು ವಾರದಷ್ಟು ಸುದ್ದಿಯಾಗದ, ಆದರೆ ಅದಕ್ಕಿಂತ ಬುದ್ಧಿವಂತಿಕೆಯ ಅಂಶ ಇದೇ. ಆದರೂ ಕೋಣೆಯೊಂದಿದ್ದರೆ ಸಾಲದು. ಎಂಟು ತಿಂಗಳ ಕೂಸನ್ನು ಬೆಳಗಿನ ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಎತ್ತಿಕೊಂಡು ಬರುವುದು ಸುಲಭವಲ್ಲ. 2023ರ ಶಕ್ತಿ ಯೋಜನೆಯಿಂದ ಟಿಕೇಟಿನ ದುಡ್ಡು ಉಳಿಯಿತು, ಸೀಟು ಹುಟ್ಟಲಿಲ್ಲ. ಕೂಸಿನ ಕೇಂದ್ರ ಮನೆಯ ಹತ್ತಿರ, ಬೀದಿಯಲ್ಲೇ ಇರಬೇಕು.

ಅಂಥದ್ದೊಂದು ಹಳ್ಳಿಯಲ್ಲಿ ಆರಂಭವಾಗಿದೆ ಎಂಬುದು ಸಮಾಧಾನದ ಸಂಗತಿ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದಿತ್ತು. ಮಗು ನೋಡಿಕೊಳ್ಳುವುದೂ ಕೆರೆ ಹೂಳೆತ್ತುವಷ್ಟೇ ಕೂಲಿಯ ಕೆಲಸ ಎಂದು ಅಲ್ಲಿ ಕಾನೂನೇ ಒಪ್ಪಿತ್ತು. ಅದೇ ಎಳೆ ಹಿಡಿದು ಕರ್ನಾಟಕ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವವರ ಮತ್ತು ಊರಿನ ಬೇರೆ ದುಡಿಯುವ ತಾಯಂದಿರ ಮಕ್ಕಳಿಗೆ, ಅಂಗನವಾಡಿಯ ವಯಸ್ಸಿಗೆ ಬಾರದ ಕೂಸುಗಳಿಗೂ, ಅಲ್ಲಿ ಜಾಗ. ನೋಡಿಕೊಳ್ಳುವವರು ತರಬೇತಿ ಪಡೆದ ಅದೇ ಊರಿನ ಹೆಂಗಸರು. ಕೂಲಿ ಉದ್ಯೋಗ ಖಾತರಿಯಿಂದ. 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿದ ಮೇಲೆ, ಕೂಸು ನೋಡುವವಳ ಕೂಲಿ ಎಲ್ಲಿಂದ ಬರಬೇಕೆಂಬುದು ಪಂಚಾಯಿತಿಗಳು ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ.

ಮಗು ಬೆಳೆಸಲು ಹಣವನ್ನೇ ಕೈಗೆ ಕೊಟ್ಟರೆ ಎಂಬ ವಾದವೂ ಇದೆ. ಬ್ರಿಟನ್ನಿನಲ್ಲಿ ಎಲಿನಾರ್ ರಾತ್‌ಬೋನ್ ಎಂಬಾಕೆ ದಶಕಗಳ ಕಾಲ ಹೋರಾಡಿ 1945ರಲ್ಲಿ ಕುಟುಂಬ ಭತ್ಯದ ಕಾಯ್ದೆ ಮಾಡಿಸಿದರು. ಎರಡನೆಯ ಮಗುವಿನಿಂದ ಆರಂಭಿಸಿ ಪ್ರತಿ ಮಗುವಿಗೆ ವಾರಕ್ಕೆ ಐದು ಶಿಲಿಂಗ್. ಮಸೂದೆಯಲ್ಲಿ ಮೊದಲು ಹಣ ಅಪ್ಪನ ಕೈಗೆ ಎಂದಿತ್ತು; ಆಕೆ ಹಟ ಹಿಡಿದು ಅಮ್ಮನ ಕೈಗೆ ಎಂದು ತಿದ್ದಿಸಿದರು. ಕರ್ನಾಟಕದಲ್ಲಿ 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಹೋಗುವುದರ ಹಿಂದೆಯೂ ಅದೇ ವಿವೇಕವಿದೆ. ಆದರೆ ಅದು ಮಗುವಿನ ಲೆಕ್ಕದ ಹಣವಲ್ಲ. ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವುದು ಅತ್ತೆಯಾದರೆ ಕೂಸಿನ ತಾಯಿಯ ಕೈಗೆ ಬರುವುದು ಅತ್ತೆ ಕೊಟ್ಟಷ್ಟು.

ಕೆಲಸಕ್ಕೆ ಸೇರುವ ಹುಡುಗಿ ತಿಳಿದಿರಬೇಕಾದದ್ದು

ಇಂದಿನ ವಿದ್ಯಾರ್ಥಿನಿಯರಲ್ಲಿ ಹಲವರ ಮೊದಲ ಕೆಲಸ ಗುತ್ತಿಗೆಯದಾಗಿರುತ್ತದೆ. ‘ನೀನು ಪರ್ಮನೆಂಟ್ ಅಲ್ಲ, ನಿನಗೆ ಇದೆಲ್ಲ ಇಲ್ಲ’ ಎಂದು ಹೇಳಿದರೆ ನಂಬಬೇಕಾಗಿಲ್ಲ. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಣ್ಣಾಳುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2000ದ ಮಾರ್ಚ್ 8ರಂದು, ಹಾಜರಿ ಪುಸ್ತಕದ ಕೂಲಿಯವರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ತೀರ್ಪಿತ್ತಿತು. 2023ರ ಆಗಸ್ಟಿನಲ್ಲಿ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ರಜೆಯ ನಡುವೆ ಗುತ್ತಿಗೆಯ ಅವಧಿ ಮುಗಿದರೂ ಇಪ್ಪತ್ತಾರು ವಾರಗಳ ಹಣ ಪೂರ್ತಿ ಸಲ್ಲಬೇಕು.

ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ಕೆಲಸ ಮಾಡಿದ್ದರೆ ಹಕ್ಕು ಹುಟ್ಟುತ್ತದೆ. ಬಸುರಿ ಎಂಬ ಕಾರಣಕ್ಕೆ, ಹೆರಿಗೆ ರಜೆಯಲ್ಲಿದ್ದಾಗ, ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಹೆಣ್ಣುಮಗಳು ಕೆಲಸಕ್ಕೆ ಸೇರುವ ದಿನವೇ ಈ ಸೌಲಭ್ಯಗಳನ್ನೆಲ್ಲ ಬರವಣಿಗೆಯಲ್ಲಿ ತಿಳಿಸಬೇಕೆಂದು 2017ರ ತಿದ್ದುಪಡಿ ಮಾಲೀಕರಿಗೆ ಕಟ್ಟುಮಾಡಿತ್ತು. ಸಂಬಳ 21,000ಕ್ಕಿಂತ ಕಡಿಮೆಯಿದ್ದರೆ ಮೊದಲ ತಿಂಗಳ ಚೀಟಿಯಲ್ಲೇ ಇಎಸ್‌ಐ ಕಡಿತವಿದೆಯೇ, ವಿಮಾ ಸಂಖ್ಯೆ ಕೈಗೆ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಕಡಿತವಿದ್ದೂ ಸಂಖ್ಯೆ ಬಾರದಿದ್ದರೆ ಹತ್ತಿರದ ಇಎಸ್‌ಐ ಶಾಖಾ ಕಚೇರಿಗೆ ಅದೇ ತಿಂಗಳು ಹೋಗಿ ವಿಚಾರಿಸುವುದು ಒಳ್ಳೆಯದು, ಏಳನೆಯ ತಿಂಗಳಿನಲ್ಲಲ್ಲ.